ಮೇಣದೊಳಗಿನ ಕರುಳು

ಗುಳೇದಗುಡ್ಡ, ಫೆಬ್ರವರಿ ೩೦, ೨೨೦೭

ಪಾರವ್ವಜ್ಜಿಗೆ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ, ಸಮವಾದದ್ದು ಅದೊಂದೇ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಸಾವಂತ್ರೆವ್ವ, ನಿಮ್ಮ ಮಗಳು ಕಸ್ತೂರಿಯ ವಂಶದವಳು, ನಿಮ್ಮಿಂದ ಏಳನೆಯ ತಲೆಮಾರು. ಈ ಪತ್ರ ಕಾಲದಲ್ಲಿ ಹಿಂದಕ್ಕೆ ಬಂದು, ಕಸ್ತೂರಿಯ ಲಗ್ನಕ್ಕೆ ಮೊದಲೇ ನಿಮಗೆ ಮುಟ್ಟುತ್ತದೆ.

ನನ್ನ ಕೆಲಸ ಮೇಣ ಓದುವುದು. ನಿಮ್ಮ ಕಾಲದ ಆಸ್ಪತ್ರೆಗಳು ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಇಡುತ್ತಿದ್ದವು. ಅದನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ ನೋಡುತ್ತೇನೆ. ಮೊನ್ನೆ ಒಂದು ತುಣುಕಿನ ಮೇಲೆ ನಿಮ್ಮ ಮಗ ಮುರಿಗೆಪ್ಪನ ಹೆಸರು ಕಂಡಿತು. "ಮುರಿಗೆಪ್ಪಜ್ಜಗ ಅಪೆಂಡಿಕ್ಸ್ ಆಗಿತ್ತ, ತಗಿಸಿದ್ರು" ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನಾನು ಕಂಡದ್ದು ಅಪೆಂಡಿಕ್ಸ್ ಅಲ್ಲ. ದೊಡ್ಡ ಕರುಳಿನ ಒಳಪದರದಲ್ಲಿ ಒಂದು ಗಂಟು, ಅದರ ತುದಿಯಲ್ಲಿ ಆಗಷ್ಟೇ ಹುಟ್ಟಿದ ಕ್ಯಾನ್ಸರ್. ಸಾಲಾಗಿ ನಿಲ್ಲಬೇಕಾದ ಕೋಶಗಳು ಒಂದರ ಮೇಲೊಂದು ಹತ್ತಿದ್ದವು, ಆದರೆ ಕೆಳಗಿನ ಸ್ನಾಯುವನ್ನು ಮುಟ್ಟಿರಲಿಲ್ಲ. ಸಕಾಲಕ್ಕೆ ತೆಗೆದದ್ದರಿಂದ ಅವನು ಬದುಕಿದ. ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೋಶ ತನ್ನ ಬರಹವನ್ನು ನಕಲು ಮಾಡುವಾಗ ಆಗುವ ತಪ್ಪನ್ನು ಸರಿಪಡಿಸಲು ಒಂದು ಜೀನ್ ಇದೆ. ನಾವು ಅದನ್ನು ತಿದ್ದುಗಾರ ಎನ್ನುತ್ತೇವೆ. ಅಪ್ಪನದೊಂದು, ಅವ್ವನದೊಂದು, ಒಂದು ಕೆಟ್ಟರೆ ಇನ್ನೊಂದು ಸಂಭಾಳಿಸುತ್ತದೆ. ಮುರಿಗೆಪ್ಪನಲ್ಲಿ ಎರಡೂ ಕೆಟ್ಟಿದ್ದವು, ತಿದ್ದದ ತಪ್ಪುಗಳು ಕೂಡಿ ಗಂಟಾಯಿತು. ನೀವು ಸೋದರಮಾವನನ್ನು ಮದುವೆಯಾದವರು, ಕೆಟ್ಟ ಪ್ರತಿ ಇಬ್ಬರಲ್ಲೂ ಇತ್ತು. ಈಗ ಕಸ್ತೂರಿಯನ್ನು ನಿಮ್ಮ ತಮ್ಮನಿಗೇ ಕೊಡಲು ಹೊರಟಿದ್ದೀರಿ. ತಂಗಿಗೂ ಇದು ಇರಬಹುದು, ಅವಳನ್ನೂ ತೋರಿಸಿ ಎಂದು ಡಾಕ್ಟರು ಹೇಳಿಯೇ ಇರುತ್ತಾರೆ. ಲಗ್ನ ಮುರಿದೀತೆಂದು ನೀವು ಅಪೆಂಡಿಕ್ಸ್ ಎಂದುಬಿಟ್ಟಿರಿ. ಎಂಥ ಕೆಲಸ ಮಾಡಿದಿರಿ ಅಜ್ಜಿ!

ಲಗ್ನವಾದ ಮೇಲೆ ಕಸ್ತೂರಿಗೆ ಮಲದಲ್ಲಿ ರಕ್ತ ಹೋಗತೊಡಗಿತು. ಉಷ್ಣವೆಂದು ಮಜ್ಜಿಗೆ ಕುಡಿಸಿದರು. ನಲವತ್ತು ತುಂಬುವ ಮೊದಲೇ ಹೋದಳು. ನಾವೂ ಬುದ್ಧಿ ಕಲಿಯಲಿಲ್ಲ. ಒಳಗೊಳಗೇ ಹೆಣ್ಣು ಕೊಟ್ಟು ತಂದೆವು, ಸತ್ತವರಿಗೆಲ್ಲ ಅಪೆಂಡಿಕ್ಸ್ ಎಂದೆವು.

ನಿಮ್ಮ ಕಾಲದಲ್ಲಿ ಬೆಳಗ್ಗೆ ಆಸ್ಪತ್ರೆಗೆ ಹೋದರೆ ಕರುಳಿನೊಳಗೆ ನಳಿಗೆ ಬಿಟ್ಟು, ಗಂಟು ತೆಗೆದು, ಸಂಜೆಗೆ ಮನೆಗೆ ಕಳಿಸುತ್ತಿದ್ದರಂತೆ. ನಾವು ಅದನ್ನು ಒಳದೀಪ ಎನ್ನುತ್ತೇವೆ. ಇಡೀ ಕೃಷ್ಣಾ ತೀರಕ್ಕೆ ಇರುವುದು ಒಂದೇ, ಅದೂ ಕರೆಂಟು ಬಂದ ದಿನ ಮಾತ್ರ. ಕೆರೆಯ ನೀರಿಗೆ ನಿಂತ ಹಾಗೆ ಊರೂರಿನವರು ಅದಕ್ಕೂ ಪಾಳಿ ನಿಲ್ಲುತ್ತಾರೆ. ನನ್ನ ಮಗಳು ಚಂಪಾಳ ಪಾಳಿ ಬರುವಷ್ಟರಲ್ಲಿ ಗಂಟು ಸ್ನಾಯು ದಾಟಿ ಪಿತ್ತಜನಕಾಂಗಕ್ಕೆ ಹಬ್ಬಿತ್ತು. ಅವಳ ಚೂರನ್ನು ಸೀಳಿ ನೋಡಿದವಳು ನಾನೇ. ಅವಳಿಗೆ ಇನ್ನೂ ಮೂವತ್ತು.

ಅಜ್ಜಿ, ಲಗ್ನದ ಅಕ್ಕಿಕಾಳು ಬೀಳುವ ಮೊದಲು ಕಸ್ತೂರಿಗೆ ನಿಜ ಹೇಳಿ, ಅವಳನ್ನು ಡಾಕ್ಟರಿಗೆ ತೋರಿಸಿ. ನಿಜ ತಿಳಿದು ಅವಳು ಮಾವನನ್ನು ಒಲ್ಲೆ ಎಂದರೆ ನಾನು ಹುಟ್ಟುವುದಿಲ್ಲ, ಚಂಪಾಳೂ ಹುಟ್ಟುವುದಿಲ್ಲ. ಇಷ್ಟು ಬರೆದು ಚಂಪಾಳಿಗೇ ಓದಿ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿ, "ಕಳಸಬೇ ಯವ್ವಾ, ಆಕಿಗರೆ ಗೊತ್ತಾಗ್ಲಿ" ಎಂದಳು.

ಕಳಿಸುತ್ತಿದ್ದೇನೆ.