ಯುದ್ಧ ಕಾಣದ ಮೊಣಕಾಲು

ಹನ್ನೆರಡನೇ ತಾರೀಖು, ಮಂಗಳವಾರ

ಎರಡು ವರ್ಷದಿಂದ ಮನೆಯಲ್ಲಿಲ್ಲದ ನಮ್ಮ ಮನೆಯವರಿಗೆ,

ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲವೆಂಬುದು ಗೊತ್ತಾಗಿದೆ, ಆದ್ದರಿಂದ ಕ್ಷೇಮ ಕೇಳುವ ಶಾಸ್ತ್ರ ಬಿಡುತ್ತೇನೆ. ಹೋದ ತಿಂಗಳು ನಿಮ್ಮನ್ನು ನೋಡಿಕೊಂಡು ಬಂದ ಮಗಳು ಎರಡು ದಿನ ಬೇರೆಲ್ಲ ಮಾತಾಡಿ ನಿಮ್ಮ ವಿಷಯ ತಪ್ಪಿಸಿದಳು. ಮೂರನೆಯ ದಿನ ಪಾತ್ರೆ ತೊಳೆಯುತ್ತಾ, "ಅಪ್ಪ ಮೆಟ್ಟಿಲು ಹತ್ತೋದು ನೋಡೋಕಾಗಲ್ಲಮ್ಮ. ಒಂದೊಂದು ಮೆಟ್ಟಿಲ ಮೇಲೂ ಕೂತು, ಹಿಂದಕ್ಕೆ ಸರಿದು, ಹಾಗೇ ಮೇಲೆ ಹೋಗ್ತಾರೆ" ಎಂದಳು. ಎಡ ಮೊಣಕಾಲಿನ ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದ್ದಾರಂತೆ. ನೀವು ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೀರಂತೆ. ಹೋಟೆಲಿನ ಲಾಂಡ್ರಿಯಲ್ಲಿ ಹಗಲೆಲ್ಲ ನಿಂತು ಬೆಡ್‌ಶೀಟ್ ಮಡಚುವವರಿಗೆ ಎಣ್ಣೆ ಏನು ಮಾಡೀತು?

ಅದಕ್ಕೇ ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಕೋಪ ಮಾಡಿಕೊಳ್ಳುವುದಿದ್ದರೆ ಪತ್ರ ಪೂರ್ತಿ ಓದಿ ಮಾಡಿಕೊಳ್ಳಿ. ಟ್ರಂಕಿನ ತಳದಲ್ಲಿದ್ದ ನಿಮ್ಮ ಸೈನ್ಯದ ಬಿಡುಗಡೆ ಪತ್ರ ತೆಗೆದುಕೊಂಡು ಮಾಜಿ ಸೈನಿಕರ ಕಚೇರಿಗೆ ಹೋಗಿದ್ದೆ. ಆಪರೇಷನ್ ಅವರ ಆಸ್ಪತ್ರೆಯಲ್ಲಿ ಆಗಬಹುದೇ ಎಂದು ಕೇಳಲು.

ಆರು ವರ್ಷದ ಹಿಂದೆ ನೀವೇ ಅಲ್ಲಿಗೆ ಹೋಗಿ ಬಂದು, "ಯುದ್ಧಕ್ಕೆ ಹೋದವರಿಗೆ ಮಾತ್ರ ಅಂತೆ, ನಮಗೆ ಬರಲ್ಲ" ಎಂದಿದ್ದಿರಿ. ನಾನೂ ನಂಬಿದ್ದೆ. ಈಗ ಕೌಂಟರಿನ ಮೇಡಂ ಕಂಪ್ಯೂಟರಿನಲ್ಲಿ ಹಿಂದೆ ಮುಂದೆ ಹುಡುಕಿ, ನಿಮ್ಮ ಹೆಸರಿನಲ್ಲಿ ಒಂದು ಅರ್ಜಿಯೂ ಬಂದಿಲ್ಲವೆಂದರು. ನಾನು ಬಿಡಲಿಲ್ಲ. ಬಂದವರನ್ನು ಬಾಗಿಲಿನಿಂದಲೇ ಅಟ್ಟಿ ಈಗ ಬಂದಿಲ್ಲವೆಂದರೆ ಹೇಗೆ ಎಂದು ಜೋರು ಮಾಡಿದೆ. ನನ್ನ ಗಂಟಲು ನಿಮಗೆ ಗೊತ್ತಲ್ಲ, ಇಡೀ ಸಾಲು ತಿರುಗಿ ನೋಡಿತು. ಆಗ ಬಾಗಿಲ ಬಳಿ ಟೋಕನ್ ಕೊಡುವ ಮುದುಕರು ಎದ್ದು ಬಂದರು. ಅವರೂ ಹಳೆಯ ಸಿಪಾಯಿಯೇ. ಅರ್ಜಿಗೆಂದು ನಾನು ತಂದಿದ್ದ ನಿಮ್ಮ ಫೋಟೋ ನೋಡಿ, "ಇವರಾ? ಮೂರು ಸಲ ಬಂದಿದ್ರು ತಾಯಿ. ಮೂರು ಸಲವೂ ಟೋಕನ್ನನ್ನ ಹಿಂದೆ ನಿಂತೋರಿಗೆ ಕೊಟ್ಟು ಹೋದ್ರು. ಇವರೆಲ್ಲ ಯುದ್ಧ ಮಾಡಿದೋರು, ನಾನು ಬಟ್ಟೆ ಮಡಚಿದೋನು, ನಾನ್ಯಾಕೆ ಮುಂದೆ ನಿಲ್ಲಲಿ ಅಂದ್ರು" ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ಅವರ ಕ್ಷಮೆ ಕೇಳಿ ಕುರ್ಚಿಯಲ್ಲಿ ಕೂತೆ. ಅವರು ಫಾರಂ ತೆಗೆದು ಒಂದೊಂದು ಸಾಲಿನ ಮೇಲೂ ಪೆನ್ನಿಟ್ಟು ತೋರಿಸಿದರು. ಎಷ್ಟು ವರ್ಷ ಸೇವೆ? ಎಂಟು. ಬಿಡುಗಡೆಯಲ್ಲಿ ಕಪ್ಪು ಚುಕ್ಕೆ ಇದೆಯೇ? ಇಲ್ಲ. ಸೇವೆಯಲ್ಲಿದ್ದಾಗ ಪೆಟ್ಟಾಗಿದೆಯೇ? "ಗುಂಡು ಹಾರಿತ್ತಾ ಅಂತ ಇದರಲ್ಲಿ ಎಲ್ಲೂ ಕೇಳಿಲ್ಲ ನೋಡಿ. ದೇಶ ಶಾಂತವಾಗಿದ್ದಾಗಲೂ ಸೈನ್ಯ ಸೈನ್ಯವೇ" ಎಂದರು. ಮೊಣಕಾಲಿನ ಪೆಟ್ಟಿನ ವಿಷಯ ಕೇಳಿದಾಗ, ಲಾರಿಯಿಂದ ಸಾಮಾನು ಇಳಿಸುವಾಗ ಜಾರಿ ಬಿದ್ದರಂತೆ ಎಂದೆ, ನೀವು ನನಗೆ ಹೇಳಿದ್ದು ಅದನ್ನೇ. ಅವರು ನಿಮ್ಮ ವೈದ್ಯಕೀಯ ದಾಖಲೆ ತರಿಸಿದರು. ಹನ್ನೊಂದು ದಿನ ಬಿಟ್ಟು ಮತ್ತೆ ಹೋದಾಗ ನನ್ನ ಎದುರೇ ಓದಿದರು.

ಲಾರಿಯೂ ಇಲ್ಲ, ಜಾರಿದ್ದೂ ಇಲ್ಲ. ಸೈನ್ಯದಲ್ಲಿ ನಿಮ್ಮ ಹಾಗೆ ಪ್ಯಾರಾಚೂಟಿನ ಬಟ್ಟೆ ಮಡಚುವವರನ್ನು ಯಾವ ದಿನ ಬೇಕಾದರೂ ಕರೆದು, ಅವರೇ ಮಡಚಿದ್ದನ್ನು ಅವರ ಬೆನ್ನಿಗೇ ಕಟ್ಟಿ ವಿಮಾನದಿಂದ ಹಾರಿಸುತ್ತಾರಂತೆ. ಯಾರೂ ಅಸಡ್ಡೆಯಿಂದ ಮಡಚಬಾರದೆಂದು ಅಲ್ಲಿ ಅದು ಪದ್ಧತಿ. ನೀವು ಹತ್ತೊಂಬತ್ತು ಸಲ ಹಾರಿದ್ದೀರಿ. ಹತ್ತೊಂಬತ್ತನೆಯ ಸಲ ಗಾಳಿ ತಿರುಗಿ ಕಲ್ಲುನೆಲದ ಮೇಲೆ ಇಳಿದಿದ್ದೀರಿ. ನಲವತ್ತೊಂದು ದಿನ ಆಸ್ಪತ್ರೆಯಲ್ಲಿ ಇದ್ದಿರಂತೆ. ಪ್ಯಾರಾಚೂಟ್ ಮಾತ್ರ ಸರಿಯಾಗಿಯೇ ಬಿಚ್ಚಿಕೊಂಡಿತ್ತೆಂದು ಬೇರೆ ಬರೆದಿದ್ದಾರೆ.

ಅಲ್ಲ ರೀ, ಇಪ್ಪತ್ತಾರು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದೀರಿ, ನಿಮ್ಮ ಕಾಲಿನ ಕಥೆಯನ್ನು ನಾನು ಕೌಂಟರಿನಲ್ಲಿ ಕೇಳಬೇಕಾಯಿತೇ? ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಕೂತ ಮೇಲೆ ಅದು ಇಳಿಯಿತು, ಇಳಿದ ಮೇಲೆ ಅಳು ಬಂತು. ಯಾಕೆ ಹೇಳಲಿಲ್ಲವೆಂದು ಗೊತ್ತಾಗಿತ್ತು. ಮದುವೆಯಾದಾಗಿನಿಂದ ನಿಮ್ಮ ಆ ಕೆಲಸವನ್ನು ತಮಾಷೆ ಮಾಡುತ್ತಾ ಬಂದವಳು ನಾನೇ.

ನಮ್ಮಣ್ಣನ ಸನ್ಮಾನದ ದಿನದ ಮಾತನ್ನು ನಾವಿಬ್ಬರೂ ಇವತ್ತಿನವರೆಗೆ ಎತ್ತಿಲ್ಲ. ಅವನು ನಿಜವಾದ ಯುದ್ಧ ಕಂಡವನು, ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಯಾರೋ, "ನಿಮ್ಮ ಯಜಮಾನರೂ ಸೈನ್ಯದಲ್ಲಿದ್ರಲ್ವಾ?" ಎಂದು ಕೇಳಿದರು. ನಾನು, "ಇದ್ರು, ಇದ್ರು. ಎಂಟು ವರ್ಷ ಬಟ್ಟೆ ಜೊತೆ ಯುದ್ಧ ಮಾಡಿ, ಸುಕ್ಕನ್ನೆಲ್ಲ ಸೋಲಿಸಿ ಬಂದ್ರು" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವೂ ನಕ್ಕಿರಿ. ನೀವೇ ನಕ್ಕ ಮೇಲೆ ಇನ್ನೇನು ಎಂದುಕೊಂಡೆ. ನಾಲಿಗೆಗೆ ಬಂದ ತಮಾಷೆಯನ್ನು ನುಂಗಿ ನನಗೆ ಅಭ್ಯಾಸವಿಲ್ಲ. ತಿಂಗಳಾದ ಮೇಲೆ ನೀವು ಆ ಊರಿನಲ್ಲಿ ಕೆಲಸ ಸಿಕ್ಕಿದೆ ಎಂದಿರಿ. ಹೋಗಬೇಡಿ ಎನ್ನಬೇಕಿತ್ತು. ಹೋಗೋರನ್ನು ಕಟ್ಟಿ ಹಾಕಕ್ಕಾಗುತ್ತಾ ಎಂದುಬಿಟ್ಟೆ.

ತಪ್ಪಾಯಿತು. ಇದನ್ನು ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಇಲ್ಲಿ ಎಲ್ಲ ಹಾಗೇ ಇದೆ. ಒಗೆದ ಬೆಡ್‌ಶೀಟ್ ಮಡಚಲು ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸುತ್ತೇನೆ. ಕಿಟಕಿ ಎಷ್ಟು ಹೊತ್ತು ಹಿಡಿದುಕೊಂಡರೂ ಹತ್ತಿರ ಬರುವುದಿಲ್ಲವಲ್ಲ. ನೀವಿದ್ದಾಗ ಆ ತುದಿ ಹಿಡಿದು, ಕುಂಟುತ್ತಾ ನಾಲ್ಕು ಹೆಜ್ಜೆ ನನ್ನ ಕಡೆ ಬರುತ್ತಿದ್ದಿರಿ, ಬೆರಳಿಗೆ ಬೆರಳು ತಾಗುತ್ತಿತ್ತು. ಅಷ್ಟಕ್ಕೇ ವಾರದಲ್ಲಿ ಎರಡು ಸಲ ಬೆಡ್‌ಶೀಟ್ ಒಗೆಯುತ್ತಿದ್ದೆ, ಕೊಳೆಯಾಗಿದೆ ಎಂದಲ್ಲ. ನಿಮ್ಮನ್ನು ನೋಡಬೇಕೆನ್ನಿಸುತ್ತದೆ. ದಿನಾ ಅನ್ನಿಸುತ್ತದೆ.

ಸೇವೆಯಲ್ಲಾದ ಪೆಟ್ಟಾದ್ದರಿಂದ ಆಪರೇಷನ್ ನಿಮಗೆ ಸಿಗುತ್ತದಂತೆ. ಇಪ್ಪತ್ತೈದನೇ ತಾರೀಖಿನೊಳಗೆ ನೀವೇ ಬಂದು ಕಚೇರಿಯಲ್ಲಿ, ಮೇಡಂ ಎದುರಿಗೆ ರುಜು ಹಾಕಬೇಕಂತೆ. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದಂತೆ. ಬೆಳಗಿನ ಬಸ್ಸಿಗೆ ಬನ್ನಿ, ಕೆಳಗಿನ ಮೆಟ್ಟಿಲು ತಗ್ಗಿರುವ ಬಸ್ಸು ಅದೊಂದೇ. ನಾನು ನಿಲ್ದಾಣದಲ್ಲಿರುತ್ತೇನೆ. ಕಚೇರಿಯಲ್ಲಿ ಟೋಕನ್ ನನ್ನ ಕೈಯಲ್ಲೇ ಇರುತ್ತದೆ, ನಿಮಗೆ ಕೊಡುವುದಿಲ್ಲ.

ಇಂತಿ,
ನಾಲಿಗೆ ಬಿಗಿಹಿಡಿಯುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿರುವ
ನಿಮ್ಮ ಮನೆಯವಳು

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಇಪ್ಪತ್ತೈದನೇ ತಾರೀಖು ನಾನು ಕಟ್ಟಿದ ಸುಳ್ಳು. ಗಡುವೂ ಇಲ್ಲ, ನೀವು ಬರಲೇಬೇಕೆಂದೂ ಇಲ್ಲ. ಫಾರಂ ಇದರ ಜೊತೆಗಿದೆ. ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ರುಜು ಹಾಕಿ ಅಲ್ಲಿಂದಲೇ ಅಂಚೆಗೆ ಹಾಕಿದರೆ ಸಾಕು, ನೀವಿರುವ ಊರಿನಲ್ಲೇ ಆಪರೇಷನ್ ಆಗುತ್ತದೆ. ನೀವು ನನ್ನ ಹತ್ತಿರ ಬಂದರೂ ಬರದಿದ್ದರೂ ಆ ಕಾಲು ಸರಿಯಾಗಬೇಕು. ಉಳಿದದ್ದನ್ನೆಲ್ಲ ನಾನೇ ತುಂಬಿದ್ದೇನೆ. ಮೂರನೆಯ ಪುಟದಲ್ಲಿ, ಆಸ್ಪತ್ರೆಯಿಂದ ಬಿಟ್ಟ ಮೇಲೆ ಯಾರ ಮನೆಗೆ ಹೋಗುತ್ತೀರಿ ಎಂದು ಒಂದು ಸಾಲಿದೆ. ಅದನ್ನು ಖಾಲಿ ಬಿಟ್ಟಿದ್ದೇನೆ, ನೀವೇ ಬರೆಯಿರಿ.