ಇರುವ ಮರಿ, ಹೋಗುವ ಮರಿ

ತಾಳಿಕೋಟೆ
೧೧ ಡಿಸೆಂಬರ್ ೨೦೨೪

ಪ್ರೀತಿಯ ಸುರೇಖಾ,

ಬಾಣಂತಿಗೂ ಕೂಸಿಗೂ ಈ ಮಾಸ್ತರನ ನಮಸ್ಕಾರ. ಪತ್ರ ತಡವಾಯಿತು, ಬೈಯಬೇಡ. ಎಂಟು ದಿನಗಳಲ್ಲಿ ಇಪ್ಪತ್ತು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಬಾಣಂತಿಗೆ ನಿದ್ದೆ ಹೆಚ್ಚು ಎಂದು ಸಮಾಧಾನ ಮಾಡಿಕೊಂಡೆ. ನಿನ್ನೆ ನಿಮ್ಮಪ್ಪನಿಗೆ ಮಾಡಿದರೆ, "ಐತವಾರ ಕೂಸಿನ್ನ ತೊಟ್ಟಿಲಕ್ಕ ಹಾಕ್ತೇವ್ರಿ. ನಿಮ್ಮನ್ನ ಕರೀಬೇಕೋ ಬ್ಯಾಡೋ, ಆಕಿನ್ನ ಕೇಳ್ರಿ" ಎಂದರು. ಅದಕ್ಕೇ ಪೆನ್ನು ಹಿಡಿದೆ. ಮನಗೂಳಿಗೆ ನಾನು ಬರಲೇ, ಬೇಡವೇ, ನೀನೇ ಹೇಳಬೇಕು.

ಇಷ್ಟು ದಿನ ಬರದೇ ಇದ್ದದ್ದಕ್ಕೆ ಶಾಲೆಯ ಕೆಲಸವೇ ಕಾರಣ. ಒಂದು, ಎರಡನೆಯ ತರಗತಿಯ ಮಕ್ಕಳಿಗೆ ಪ್ರಾಣಿಗಳನ್ನು ವಿಂಗಡಿಸುವ ಪಾಠ ನಡೆದಿದೆ. ನನ್ನ ತುತ್ತೂರಿ ನಾನೇ ಊದುತ್ತೇನೆ ಎಂದು ನಗಬೇಡ, ಈ ಪಾಠದಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲೂಕಿನಲ್ಲೇ ಇಲ್ಲ. ಚಿತ್ರದ ಕಾರ್ಡು ಕೊಟ್ಟು 'ಸಾಕುಪ್ರಾಣಿ ಈ ಕಡೆ, ಕಾಡುಪ್ರಾಣಿ ಆ ಕಡೆ' ಎಂದರೆ ಮಕ್ಕಳು ಕಾರ್ಡು ನೋಡುವುದಿಲ್ಲ, ಮಾಸ್ತರನ ಹುಬ್ಬು ನೋಡುತ್ತಾರೆ. ಯಲ್ಲಾಲಿಂಗ ಎಂಬವನೊಬ್ಬ ಬೆಕ್ಕಿನ ಕಾರ್ಡು ಹಿಡಿದು, "ಸರ, ಇದನ್ನ ಯಾರೂ ಸಾಕಿಲ್ರಿ. ತಾನ ಬಂದು ಹಾಲು ಕುಡದು ಹೋಗ್ತೈತಿ. ಎಲ್ಲಿಡ್ಲಿ?" ಎಂದು ಕೇಳಿದ. ನಡುವಿನ ಗೆರೆಯ ಮೇಲೆ ಇಡಿಸಿದೆ.

ಹೀಗಾಗಿ ಸೋಮವಾರ ಕಾರ್ಡುಗಳನ್ನು ಕಪಾಟಿಗೆ ಹಾಕಿ, ಎಲ್ಲರನ್ನೂ ಶಾಲೆಯ ಹಿಂದಿನ ರೇವಣಪ್ಪನ ಕುರಿಹಟ್ಟಿಗೆ ಕರೆದುಕೊಂಡು ಹೋದೆ. ಒಂದನೆಯ ತರಗತಿಯವರ ಜೊತೆ ನಮ್ಮ ದೊಡ್ಡವಳು ಭಾಗ್ಯಾಳೂ ಇದ್ದಳು. ಹಟ್ಟಿಯಲ್ಲಿ ಹನ್ನೊಂದು ಮರಿಗಳಿದ್ದವು. "ನಿಮಗ ತಿಳಿದಂಗ ಎರಡು ಗುಂಪು ಮಾಡ್ರಿ. ಯಾಕ ಹಂಗ ಮಾಡಿದ್ರಿ ಅಂತ ಉಳಿದವರು ಹೇಳಬೇಕು" ಎಂದೆ. ಯಲ್ಲಾಲಿಂಗ ಬಣ್ಣ ನೋಡಿ ಬೇರೆ ಮಾಡಿದ. ಭಾಗ್ಯಾ ಉದ್ದ ಕಿವಿ, ಮೋಟು ಕಿವಿ ಎಂದು ಮಾಡಿದಳು. ಕೊನೆಗೆ ಎದ್ದವಳು ರೇವಣಪ್ಪನ ಮಗಳು ಶೇವಂತೆವ್ವ. ಅಜ್ಜಿಯ ಹೆಸರು ಹೊತ್ತ ಆರು ವರ್ಷದ ಪೋರಿ. ಸರಸರನೆ ಏಳು ಮರಿಗಳನ್ನು ಈಚೆಗೆ, ನಾಲ್ಕನ್ನು ಆಚೆಗೆ ಅಟ್ಟಿದಳು. ಎರಡು ಕಡೆಯೂ ಕರಿಯವು, ಎರಡು ಕಡೆಯೂ ಬಿಳಿಯವು. ಯಾರಿಗೂ ಹೊಳೆಯಲಿಲ್ಲ, ನನಗೂ.

"ಇವು ಇರೂವ್ರಿ, ಅವು ಹೋಗೂವ್ರಿ" ಎಂದಳು.

"ಎಲ್ಲಿಗೆ?"

"ಸಂತಿಗ್ರಿ. ಗಂಡ ಮರಿ ಮಾರ್ತೇವ್ರಿ. ಹೆಣ್ಣ ಮರಿ ಹಟ್ಟ್ಯಾಗ ಇರ್ತಾವ. ಹೆಣ್ಣ ಹುಟ್ಟಿದ್ರ ನಮ್ಮವ್ವ ಎಲ್ಲಾರಿಗೂ ಬೆಲ್ಲ ಕೊಡ್ತಾಳ್ರಿ."

ಶಭಾಷ್ ಎಂದು ಬೆನ್ನು ತಟ್ಟಿದೆ. ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. "ಸರ, ನಿಮ್ಮ ಮನ್ಯಾಗೂ ಹೆಣ್ಣ ಹುಟ್ಟೈತಂತಲ್ರಿ. ನೀವು ಏನೂ ಕೊಡಲಿಲ್ಲಲ್ರಿ?"

ಮಕ್ಕಳೆಲ್ಲ ನನ್ನನ್ನೇ ನೋಡಿದರು. ಭಾಗ್ಯಾ ಮಾತ್ರ ತಲೆ ಎತ್ತಲಿಲ್ಲ. ನನಗೆ ನಾಚಿಕೆಯಾಯಿತು, ಸುರೇಖಾ. "ನಾಳಿ ಕೊಡ್ತೇನಿ" ಎಂದೆ.

ಕೊಟ್ಟೆ. ಬಜಾರದಿಂದ ಎರಡು ಕಿಲೋ ಪೇಡೆ ತಂದು ಶಾಲೆಗೂ ಹಂಚಿದೆ, ನಮ್ಮ ಓಣಿಗೂ ಹಂಚಿದೆ. ಅವ್ವ, "ಎರಡನೇದೂ ಹೆಣ್ಣಾದ್ರ ಯಾರರೆ ಪೇಡೆ ಹಂಚ್ತಾರೇನೋ?" ಎಂದು ಗೊಣಗಿದಳು. "ನಾ ಹಂಚ್ತೇನಿ. ಮೊದಲ ನೀ ಬಾಯಿ ತಗಿ" ಎಂದು ಅವಳ ಬಾಯಿಗೂ ಒಂದು ಇಟ್ಟೆ. ತಿಂದಳು. ಆಮೇಲೆ ಇನ್ನೊಂದು ಕೇಳಿದಳು.

ಈ ಪತ್ರ ತರುವ ನಮ್ಮ ಹೆಡ್‌ಮಾಸ್ತರ ಶ್ರೀಶೈಲಪ್ಪನವರ ಕೈಯಲ್ಲಿ ನಿನಗೂ ಒಂದು ಡಬ್ಬಿ ಕೊಟ್ಟಿದ್ದೇನೆ. ಬಾ ಎಂದರೆ ಐತವಾರ ಭಾಗ್ಯಾಳನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬರುತ್ತೇನೆ. ತಲೆಗೆ ಬಟ್ಟೆ ಕಟ್ಟಿಕೊ, ತಣ್ಣೀರು ಮುಟ್ಟಬೇಡ. ಕೂಸು ನೂರು ವರ್ಷ ಬಾಳಲಿ, ನಿನ್ನ ಮೈಗೆ ಬೇಗ ಕಸುವು ಬರಲಿ.

ನಿನ್ನ
ಅನೀಲಕುಮಾರ

ತಾ.ಕ.: ಶಾಲೆಯ ಕೆಲಸ ಎಂದು ಮೇಲೆ ಬರೆದದ್ದು ಸುಳ್ಳು. ಹೆರಿಗೆಯಾದ ಮೇಲೆ ನೀನೇ ಫೋನ್ ಮಾಡಿ ಹೇಳಿದಾಗ ನಾನು "ಮತ್ತ ಹೆಣ್ಣಾ?" ಎಂದು ಕಟ್ ಮಾಡಿಬಿಟ್ಟೆ. ಆಮೇಲೆ ನಿನ್ನ ಎದುರಿಗೆ ಬರುವ ಧೈರ್ಯವಾಗಲಿಲ್ಲ. ಆಗ ಭಾಗ್ಯಾ ನನ್ನ ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದಳು. ಇವತ್ತು ಬೆಳಿಗ್ಗೆ ಜಡೆ ಹಾಕುವಾಗ ಕೇಳಿದಳು: "ಅಪ್ಪಾ, ನಾ ಹುಟ್ಟಿದಾಗ ಏನಂದಿದ್ದಿ?" ಖುಷಿಯಿಂದ ಬಹಳ ನಕ್ಕಿದ್ದೆ ಎಂದೆ. ನಂಬಲಿಲ್ಲ. "ಅವ್ವನ್ನ ಕೇಳ್ತೇನಿ" ಎಂದಳು. ಅವಳು ಹುಟ್ಟಿದ ದಿನ ನಾನು ಏನು ಅಂದಿದ್ದೆ ಎಂಬುದು ನಿನಗೊಬ್ಬಳಿಗೇ ಗೊತ್ತು. ನನ್ನ ಸಲುವಾಗಿ ಬೇಡ, ಅವಳ ಸಲುವಾಗಿ, ನಕ್ಕಿದ್ದ ಎಂದು ಹೇಳಿಬಿಡು.