ಅಮ್ಮನ ರಾತ್ರಿ ಪಾಳಿ

ಅಮ್ಮ,

ನೀನಿದ್ದಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ನನಗೀಗ ಐದು ತಿಂಗಳು. ಪೀಣ್ಯದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಮನೆ ಓನರ್ ಕೃಷ್ಣಮ್ಮ ಬಾಗಿಲು ಬಡಿಯುತ್ತಾರೆ: “ಬಸುರಿ ಹೆಂಗ್ಸು ಹಗ್ಲೊತ್ತು ಮಲಗ್ಬಾರ್ದು ಕಣಮ್ಮ.”

ಇವತ್ತು ಡಾಕ್ಟರು ರಾತ್ರಿ ಪಾಳಿ ಬಿಡಿಸಿದರು. “ಕತ್ತಲಾದ್ರೆ ತಾಯಿ ಮೈಯಲ್ಲಿ ನಿದ್ದೆ ಹಾರ್ಮೋನ್ ಏರುತ್ತೆ; ರಾತ್ರಿಯೆಲ್ಲ ಲೈಟಲ್ಲಿ ಕೆಲ್ಸ ಮಾಡಿದ್ರೆ ಏರಲ್ಲ. ಹೊಟ್ಟೇಲಿರೋ ಮಗು ರಾತ್ರಿ ಯಾವ್ದು, ಹಗಲು ಯಾವ್ದು ಅಂತ ಕಲಿಯೋದು ಅದ್ರಿಂದ್ಲೇ,” ಎಂದರು.

ನಾನು ಹೊಟ್ಟೆಯಲ್ಲಿದ್ದಾಗ ನೀನು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಆಯಾ. ಹುಟ್ಟಿದ ಮೇಲೆ ನಾನು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಅಳುತ್ತಿದ್ದೆನಂತೆ. ಅಜ್ಜಿ ಮೆಣಸಿನಕಾಯಿ ನಿವಾಳಿಸಿ, ನೀನು ಹಗಲು ಮಲಗಿದ್ದಕ್ಕೇ ಮಗು ಹೀಗಾಯಿತು ಎಂದು ಬೈದರಂತೆ. ಕೊನೆಯವರೆಗೂ ನೀನು ಅದನ್ನೇ ನಂಬಿದ್ದೆ.

ನಾನು ಹಠ ಮಾಡುತ್ತಿರಲಿಲ್ಲ, ಅಮ್ಮ. ಅದು ನೀನು ಎದ್ದಿರುತ್ತಿದ್ದ ಹೊತ್ತು.

ನಿನ್ನ
ವೇಣಿ